ಪರದೆಯ ಬೆನ್ನು

ರೂವಿ ಹೈಸ್ಟ್ರೀಟಿನ ಕೊನೆಯ ಅಂಗಡಿಯಲ್ಲಿ
ಜೋಡಿಗೆ ಎರಡು ರಿಯಾಲ್. ಮೂರು ಜೋಡಿ ಕೊಂಡೆ.
ಬಣ್ಣ ಏನೆಂದು ಹೇಳಲಿ,
ಹಾಲು ಕಡಿಮೆ ಬಿದ್ದ ಚಹಾದ್ದು.
ಬೆಳಕಿಗೆ ಹಿಡಿದರೆ ಆಚೆ ನಿಂತ
ಅಂಗಡಿಯವನ ಹಲ್ಲು ಕಾಣುತ್ತಿತ್ತು,
ಅಷ್ಟು ತೆಳು.

ನಮ್ಮ ಕಿಟಕಿಯೋ, ದೊಡ್ಡ ಲಕೋಟೆಯ ಮೇಲಿನ
ಪುಟ್ಟ ಅಂಚೆಚೀಟಿ.
ಕಂಬಿಯನ್ನು ಅದರ ತಲೆಯ ಮೇಲೆ ಹಾಕಿಸಲಿಲ್ಲ,
ಛಾವಣಿಗೆ ನಾಲ್ಕೇ ಬೆರಳು ಕೆಳಗೆ,
ಆ ಗೋಡೆಯಿಂದ ಈ ಗೋಡೆಗೆ.
'ಅಲ್ಲೆಲ್ಲ ಕಿಟಕಿ ಇಲ್ವಲ್ಲ?' ಎಂದರು ಇವರು
ಸ್ಟೂಲಿನ ಮೇಲೆ ಡ್ರಿಲ್ ಹಿಡಿದು.
'ಇದೆ ಅಂದ್ಕೊಳ್ಳಿ' ಎಂದೆ.
ಬಾಡಿಗೆ ಮನೆಯಲ್ಲಿ
ಅಂದುಕೊಳ್ಳುವುದಕ್ಕೆ ಬಾಡಿಗೆ ಇಲ್ಲ.

ಪರದೆ ಎಂದರೆ ನೆಲ ಮುಟ್ಟಬೇಕು;
ಅರ್ಧಕ್ಕೆ ನಿಂತರೆ
ಉದ್ದ ಬೆಳೆದ ಹುಡುಗನ ಹಳೆಯ ಚಡ್ಡಿ.
ಎರಡು ಜೋಡಿ ಕೂಡಿಸಿ ನೆರಿಗೆ ತುಂಬಿದೆ,
ಮೂರನೆಯದನ್ನು ಕತ್ತರಿಸಿ ಕಾಲಿಗೆ ಕೊಟ್ಟೆ,
ಕೂಡಿದ ಗಾಯದ ಮೇಲೆ
ಸವೆದ ಸೀರೆಯೊಂದರ ಕಂದು ಅಂಚು.
ಮಡಿಕೆಯೊಳಗೆ ಗೇಣಿಗೊಂದು
ಇಪ್ಪತ್ತೈದು ಬೈಸದ ನಾಣ್ಯ ಇಟ್ಟು ಹೊಲಿದೆ.
ಈಗ ಎಸಿ ಗಾಳಿಗೆ ಪಟಪಟ ಹಾರುವುದಿಲ್ಲ,
ಮದುವೆಮನೆಗೆ ಒಡವೆ ಹೇರಿಕೊಂಡು ಬಂದವಳಂತೆ
ನಿಧಾನಕ್ಕೆ ಅಲುಗುತ್ತದೆ.
ಒಟ್ಟು ಎಂಟುನೂರು ಬೈಸ.
ತಿಂಗಳ ಕೊನೆಯಲ್ಲಿ ಇವರು ಎರಡು ಸಲ
ಆ ಅಂಚಿನ ಕಡೆ ನೋಡಿದ್ದಾರೆ.

ಉಳಿದದ್ದು ಬಿಸಿಲು.
ಇಲ್ಲಿಯ ಬೋಳು ಬೆಟ್ಟಕ್ಕೆ ಬಡಿದು
ಎರಡು ಪಟ್ಟಾಗಿ ಮನೆಯೊಳಗೆ ನುಗ್ಗುವ ಜೂನಿನ ಬಿಸಿಲು.
ಒಳಪದರದ ಬಟ್ಟೆ ಕೇಳಿದೆ: ಮೀಟರಿಗೆ ಒಂದೂವರೆ!
ಮೋರೆಗಿಂತ ಬೆನ್ನೇ ದುಬಾರಿ.
ಇವರ ಹಳೆಯ ಲುಂಗಿಗಳನ್ನು ಹೊರತೆಗೆದೆ.
ನೀಲಿ ಚೌಕದ್ದು, ಹಸಿರು ಚೌಕದ್ದು,
ಒಂದಂತೂ ಒಗೆದೂ ಒಗೆದೂ
ತನ್ನ ಚೌಕವನ್ನೇ ಮರೆತದ್ದು.
'ಬೀದಿಗೆ ಕಾಣ್ತದಲ್ಲ ಮಾರಾಯ್ತಿ?'
'ಬೀದಿಗೆ ನಾವ್ಯಾರು?'

ಶುಕ್ರವಾರ ಬಂದ ವಿಲಾಸಿನಿ ಬಾಯಿ
ಎರಡೇ ಬೆರಳಲ್ಲಿ ನೆರಿಗೆ ಹಿಡಿದು
'ಮಾಲ್‌ನಿಂದಲಾ?' ಎಂದರು.
ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ,
ಗೋಳಿಬಜೆಯ ತಟ್ಟೆ ಮುಂದೆ ಸರಿಸಿದೆ.
ಅವರು ಮಗುಚಿ ನೋಡಲಿಲ್ಲ.
ಮರ್ಯಾದಸ್ಥರು ಯಾರೂ
ಪರದೆಯ ಬೆನ್ನು ನೋಡುವುದಿಲ್ಲ.

ಮಂಗಳವಾರ ಬೆಲ್ ಆಯಿತು. ಲಾಂಡ್ರಿಯ ಇದಿನಬ್ಬ.
ನಾಲ್ಕು ವರ್ಷದಿಂದ 'ಭಾಬೀ, ಪಾಂಚ್ ಶರ್ಟ್' ಎಂದು ಅವನು,
'ಕಲ್ ಲಾನಾ' ಎಂದು ನಾನು,
ಇಬ್ಬರೂ ಹರಕು ಹಿಂದಿಯಲ್ಲಿ.
ಈವತ್ತು ಚೀಲಕ್ಕೆ ಕೈ ಚಾಚಲಿಲ್ಲ.
'ನಿಮ್ದ್ ಕುಂದಾಪ್ರ ಬದಿಯಾ, ಅಕ್ಕ?'

ಕಿವಿ ಒಮ್ಮೆ ಬಿಸಿಯಾಯಿತು.

'ಕೆಳಗಿಂದ ಕಂಡೆ. ಕಿಟ್ಕಿ ತುಂಬ ಲುಂಗಿ.
ಆ ನೀಲಿ ಚೌಕ ನಮ್ ಗಂಗೊಳ್ಳಿ ಬಂದರದ್ದ್.
ಬಲೆ ಎಳೀವಾಗ
ನಮ್ಮಪ್ಪಂದೂ ಹಾಂಗೇ ಇದ್ದಿತ್.'
ನಾನು ನಕ್ಕೆನೋ, ಬಾಗಿಲು ಹಿಡಿದುಕೊಂಡೆನೋ.
ಮತ್ತೆ ಎಷ್ಟೋ ಹೊತ್ತು ಮೀನಿನ ಮಾತು,
ಬೂತಾಯಿಗೆ ಇಲ್ಲಿ ಯಾಕೆ ಆ ರುಚಿ ಇಲ್ಲವೆಂದು.
ಲಿಫ್ಟು ಎರಡು ಸಲ ಬಂದು ಕಾದು ಹೋಯಿತು.

ಸಂಜೆ ಕೆಳಗಿಳಿದು ರಸ್ತೆಯಾಚೆ ನಿಂತೆ,
ನನ್ನ ಕಿಟಕಿಯನ್ನು ಹೊರಗಿಂದ ನೋಡಿದ್ದು ಅದೇ ಮೊದಲು.
ಸುತ್ತ ಬೆಳ್ಳಿ ಹಾಳೆ ಅಂಟಿಸಿದ ಕಿಟಕಿಗಳು,
ರಟ್ಟು ಹಚ್ಚಿದವು, ತೊಟ್ಟಿಕ್ಕುವ ಎಸಿಗಳು.
ಮೂರನೆಯ ಮಹಡಿಯಲ್ಲಿ ಒಂದು ಮಾತ್ರ
ಯಾರೋ ಈಗಷ್ಟೇ ಸ್ನಾನಕ್ಕೆ ಹೋದಂತೆ.

ಮೇಲೆ ಬಂದು ಪರದೆ ಎಳೆದೆ.
ನಾಣ್ಯಗಳು ನೆಲಕ್ಕೆ ತಾಗಿ
ಸಣ್ಣಗೆ ಏನೋ ಅಂದವು.

ಇದಿನಬ್ಬ ಇಸ್ತ್ರಿಯ ದರ ಇಳಿಸಲಿಲ್ಲ.
ಆ ವಾರ ಇವರ ಶರ್ಟಿನ ಕಾಲರಿಗೆ ಮಾತ್ರ
ಗಂಜಿ ಒಂದಿಷ್ಟು ಹೆಚ್ಚಿತ್ತು.