ಊರಿನ ಸೊನ್ನೆ

ನೀರಿನ ಮೇಲೆ ಎಳೆದ ಗೆರೆ ನಿಲ್ಲುತ್ತದೆಯೇ ಎಂದು
ಮೊದಲು ನಕ್ಕಿದ್ದೆ.
ನಿಂತಿದೆ ಮೇಡಂ, ಅಂದ ಚೆನ್ನೈನಿಂದ ಇಳಂಗೋವನ್,
ಜನವರಿ ಒಂದರಿಂದ ನಿಂತಿದೆ.
ಲಿವರ್‌ಪೂಲ್‌ವರೆಗೆ ಒಂದು ಕಂತೆ,
ಅಲ್ಲಿಂದ ಬೆಲ್‌ಫಾಸ್ಟಿಗೆ
ಅದೇ ರಾಣಿಯ ಅದೇ ನೀರು ದಾಟಲು
ಇನ್ನೊಂದು.

ಹಾಗಾಗಿ ಜೂನ್ ಕೊನೆಯ ಈ ಮಧ್ಯಾಹ್ನ
ನಾನು, ಜಬೀನ್ ತಾಜ್,
ಪಲ್ಪ್ ಫ್ಯಾಕ್ಟರಿಯವರು ಆಫೀಸು ಅನ್ನುವ ತಗಡಿನ ಕೋಣೆಯಲ್ಲಿ
ಎಂಬತ್ತು ಡ್ರಮ್ಮು ಮಾವಿನ ತಿರುಳಿಗೆ
ಜಾತಕ ಬರೆಯುತ್ತಿದ್ದೇನೆ.

ಕುಲಕ್ಕೆ ಎಂಟು ಅಂಕಿ.
ಅದರಲ್ಲಿ ತೋತಾಪುರಿ ಅನ್ನಲು ಜಾಗವಿಲ್ಲ;
ಬಾದಾಮಿ, ಬೇನಿಶಾ, ಮಲ್ಲಿಕಾ ಎಲ್ಲರೂ
ಅದೇ ಮನೆ ನಂಬರಿನಲ್ಲಿ
ಒಂದೇ ಒಲೆ ಹೂಡಿಕೊಂಡಿದ್ದಾರೆ.

ಡ್ರಮ್ಮು ಸೇರಿಸಿ ತೂಕ, ಡ್ರಮ್ಮು ಬಿಟ್ಟು ತೂಕ.
ಬಾಗಿಲಿಗೆ ಒರಗಿ ಅಲಮೇಲಮ್ಮ ಕೇಳುತ್ತಾಳೆ:
ನಿಂದೆಷ್ಟಮ್ಮಾ, ಕೋಪ ಬಿಟ್ಟು?

ಪರದೇಶದ ಅಂಶ ಏನಾದರೂ ಇದೆಯೇ?
ಇದೆ. ಚೀನಾದ ನಿಂಬೆ ಉಪ್ಪು, ಒಂದು ಚಿಟಿಕೆ.
ರಾಯಲ್ಪಾಡಿನ ಆಚೆ ಮದನಪಲ್ಲಿ ಕಡೆಯಿಂದ ಬಂದ
ಮೂರು ಲೋಡು ಹಣ್ಣು
ಮಂಡಿಯಲ್ಲಿ ಸುರಿದ ಮೇಲೆ
ಯಾವ ಭಾಷೆಯಲ್ಲೂ ಮಾತಾಡಲಿಲ್ಲ.
ಭಾರತ ಅಂತ ಬರೆದೆ. ಸುಳ್ಳಲ್ಲವಲ್ಲ.

ಹದಿನೇಳನೆಯ ಪ್ರಶ್ನೆ:
ಈ ಸರಕು ಅಲ್ಲಿಂದಲೂ ಮುಂದಕ್ಕೆ
ಮತ್ತೊಂದು ಗೆರೆ ದಾಟುವ ಸಂಭವವಿದೆಯೇ?
ಲಸ್ಸಿ ಕುಡಿದವನು ಬಸ್ಸು ಹತ್ತಿದರೆ?
ಬಾಯಿ ಒರೆಸದ ಮಗುವನ್ನು ಎತ್ತಿಕೊಂಡು
ಯಾರಾದರೂ ತವರಿಗೆ ಹೊರಟರೆ?
'ಇಲ್ಲ'ಕ್ಕೆ ಗುರುತು ಹಾಕಿದೆ.
ಹಾಗೇ ಹಾಕಬೇಕೆಂದು ಇಳಂಗೋವನ್ ಹೇಳಿದ್ದ.

ಕೆಳಗಿನ ಮರದ ಹಲಗೆಗೆ ಬೇರೆ ಪತ್ರ:
ಐವತ್ತಾರು ಡಿಗ್ರಿಯಲ್ಲಿ ಅರ್ಧ ಗಂಟೆ ಬೆಂದಿದೆ,
ಒಳಗೆ ಜೀವ ಇಲ್ಲ.
ತೆನೆ ಚಿತ್ರದ ಮುದ್ರೆ ಒತ್ತುತ್ತಾ ಪಿಳ್ಳಾಚಾರಿ
ಯಾವ ಮರ ಗೊತ್ತಾ, ಅಂದ.
ಅದನ್ನು ಯಾವ ಕಾಗದವೂ ಕೇಳಿರಲಿಲ್ಲ.
ಯಲ್ದೂರು ದಾರಿಯ ಮಾವು ಅದು,
ರಸ್ತೆ ಅಗಲ ಮಾಡುವಾಗ ಉರುಳಿಸಿದ್ದು.
ಅರವತ್ತು ವರ್ಷ ನಿಂತು ಹೊತ್ತಿತ್ತು ಕಾಯಿ.
ಈಗ ಮಲಗಿ ಹೊರುತ್ತದೆ.

ಸಂಜೆ, ಸೀಲು ಬಿದ್ದ ಮೇಲೆ, ಫೋನು:
ಮೇಡಂ, ಒಂದು ಅಕ್ಷರ ಜಾಸ್ತಿ.
ಇನ್‌ವಾಯ್ಸಿನಲ್ಲಿ ಶ್ರೀನಿವಾಸಪುರ,
ಮೂಲ ಪತ್ರದಲ್ಲಿ ಶ್ರೀನಿವಾಸಪುರಂ.
ಗೆರೆ ಹತ್ತಿರದ ಕಂಪ್ಯೂಟರಿಗೆ
ಅವು ಎರಡು ಊರು.

ನನ್ನದೇ ಕೈ. ದಿನಾ ಮುಂಜಾನೆಯ ಬಸ್ಸಿನಲ್ಲಿ
ಪಕ್ಕ ಕೂರುವವರ ಬಾಯಲ್ಲಿ
ಊರಿಗೊಂದು ಬಾಲ ಇದೆ, ನಮ್ಮ ಲಿಪಿಯಲ್ಲಿ ಬರೀ ಸೊನ್ನೆ.
ಸೊನ್ನೆ ಜಾಸ್ತಿಯಾಗಿದೆ ಅಂದದ್ದು ಕಿವಿಗೆ ಬಿದ್ದು
ಮಾಲೀಕರು, ಬೈರೆಡ್ಡಿಯವರು,
ಚಪ್ಪಲಿ ಬಿಟ್ಟೇ ಓಡಿ ಬಂದರು.
ಬೆಲೆಯಲ್ಲಾ?
ಅಲ್ಲ ಸಾರ್. ಊರಲ್ಲಿ.

ತೆಗೆದೆ. ಮತ್ತೆ ಮೂರು ಪ್ರತಿ, ಮತ್ತೆ ಮೊಹರು,
ಮತ್ತೆ ನಾನೇ ನಾನೆಂದು ಸಹಿ.
ಲಾರಿ ಉಸಿರು ಬಿಡುತ್ತಿತ್ತು.
ಖಲಂದರ್ ಲಕೋಟೆಯನ್ನು ಸೀಟಿನ ಕೆಳಗೆ ತುರುಕಿದ.

ನಂಗಲಿಯಲ್ಲಿ ಈಗ ಯಾರೂ ಲಾರಿ ತಡೆದು
ಟ್ಯಾಕ್ಸಿನ ಕಾಗದ ಕೇಳುವುದಿಲ್ಲವಂತೆ.
ಮೊದಲು ಅಲ್ಲಿ ರಾತ್ರಿಯಿಡೀ ಸಾಲು,
ಹಿಂದೆ ಹಣ್ಣಾಗುತ್ತಾ ಕೂತ ಕಾಯಿ.
ಇಲ್ಲಿ ಅಳಿಸಿದವರ ಕೈಯಿಂದ ಬಳಪ ಜಾರಿ
ಉರುಳುತ್ತಾ ಆ ಸಮುದ್ರಕ್ಕೆ ಬಿತ್ತೋ ಏನೋ.
ಆದರೂ ಅಲ್ಲಿ ಬ್ರೇಕ್ ಒತ್ತುತ್ತೀನಮ್ಮಾ, ಅಂದ ಖಲಂದರ್,
ಕಾಲಿಗೆ ಹೇಳಿದರೆ ಕೇಳಬೇಕಲ್ಲ.

ಬಾಲವಿದ್ದ ಹಾಳೆ ಟೇಬಲ್ಲಿನ ಮೇಲೇ ಉಳಿದಿತ್ತು.
ದೀಪ ಆರಿಸುವ ಹೊತ್ತಿಗೆ ಅಲಮೇಲಮ್ಮ
ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡು
ಮನೆಗೆ ಹೊರಟಿದ್ದಳು.