ಕಾಲಂ ಇಲ್ಲದ ಮೂಗು

ವೆನ್‌ಲಾಕ್ ಆಸ್ಪತ್ರೆ, ಹನ್ನೊಂದನೇ ಕೋಣೆ.
ಹೊರಗೆ ಬಸ್ಸಿನವರು ತೊಕ್ಕೊಟ್ಟು ತೊಕ್ಕೊಟ್ಟು ಎಂದು ಕೂಗುತ್ತಿದ್ದಾರೆ.
ಒಳಗೆ ನಾನು ಚಪ್ಪಲಿ ಬಿಚ್ಚಿಟ್ಟು
ಗೋಡೆಯ ಅಳತೆಪಟ್ಟಿಗೆ ಬೆನ್ನು ಒತ್ತಿ ನಿಂತಿದ್ದೇನೆ.
"ಹರಿಣಾಕ್ಷಿ ತಿಂಗಳಾಯ," ಅಟೆಂಡರ್ ಮೋನಪ್ಪಣ್ಣ ಬರೆದುಕೊಂಡರು,
"ನೂರ ಐವತ್ತೆರಡೂವರೆ.
ಆ ಅರ್ಧ ನಾನು ಕೊಟ್ಟದ್ದು, ಇರಲಿ."

ಪರೀಕ್ಷೆ ಮುಗಿದಿದೆ, ಪಟ್ಟಿಯಲ್ಲಿ ಹೆಸರು ಬಂದಿದೆ.
ಆಹಾರ ಸುರಕ್ಷತಾ ಅಧಿಕಾರಿಯಾಗಲಿಕ್ಕೆ
ಇನ್ನು ಈ ದೇಹವೊಂದು ಪಾಸಾಗಬೇಕು.
ಎದೆಯ ಫೋಟೊ ತೆಗೆದರು, ರಕ್ತ ತೆಗೆದರು,
ಬಾಟ್ಲಿಯೊಂದನ್ನು ಕೊಟ್ಟು ಓಣಿಯ ಕೊನೆಗೆ ಕಳಿಸಿದರು.
ಊರಿನವರ ಸ್ಯಾಂಪಲ್ ಎತ್ತುವ ಮೊದಲು
ನಾನೇ ಒಂದು ಸ್ಯಾಂಪಲ್,
ಮೈಗೆ ಚೀಟಿ ಅಂಟಿಸುವುದೊಂದು ಬಾಕಿ.

ಡಾಕ್ಟರ್ ತಾವ್ರೊ ಚುಕ್ಕೆಗಳ ಪುಸ್ತಕ ತೆರೆದರು.
ಹಸಿರಿನ ನಡುವೆ ಅಡಗಿದ್ದು, "ಎಪ್ಪತ್ತನಾಲ್ಕು."
ಕಂದು ಚುಕ್ಕೆಗಳೊಳಗೆ ಕಿತ್ತಳೆ, "ಆರು."
ಕೊನೆಯ ಹಾಳೆಯಲ್ಲಿ ಎಷ್ಟು ನೋಡಿದರೂ ಏನೂ ಇಲ್ಲ.
ಬೆವರಿದೆ. "ಏನೂ ಕಾಣುವುದಿಲ್ಲ ಸರ್."
"ಸರಿ ಉಂಟು," ಅಂದರು. "ಅದರಲ್ಲಿ ಕಂಡರೇ ಕಷ್ಟ."

ಕಣ್ಣು ಸರಿ ಉಂಟೆಂದು ನನಗೂ ಗೊತ್ತು.
ಇಟ್ಟಿಗೆ ಬೆರೆತ ಮೆಣಸಿನ ಹುಡಿ,
ಬಣ್ಣ ಹಾಕಿಸಿಕೊಂಡ ತೊಗರಿಬೇಳೆ,
ನೂರು ಅಂಗಡಿಗಳ ನಡುವೆ ಹಿಡಿದೇನು.
ಕಣ್ಣಿನಿಂದ ಒಂದು ಇಂಚು ಕೆಳಗೆ, ಅಲ್ಲಿ ತೊಂದರೆ.

ಆ ಜ್ವರದ ವರ್ಷ ಎಲ್ಲರಿಗೂ ಹೋಗಿತ್ತು,
ಎಲ್ಲರಿಗೂ ಹದಿನೈದು ದಿನದಲ್ಲಿ ವಾಪಸು ಬಂತು.
ನನ್ನದು ಬರಲಿಲ್ಲ.
ಅಂದಿನಿಂದ ಮಲ್ಲಿಗೆ ಬರೀ ಬಿಳಿ.
ಪುಳಿಮುಂಚಿಯಲ್ಲಿ ಪುಳಿ ಉಂಟು, ಮುಂಚಿ ಉಂಟು,
ಬಂಗುಡೆ ಇಲ್ಲ.
ಒಂದು ಸಂಜೆ ಗ್ಯಾಸು ತೆರೆದೇ ಇತ್ತು,
ಪಕ್ಕದಲ್ಲೇ ಕೂತು ನಾನು
ಅಸುರಕ್ಷಿತ ಆಹಾರಕ್ಕೆ ಶಿಕ್ಷೆ ಯಾವ ಕಲಮಿನಲ್ಲಿ ಎಂದು
ಬಾಯಿಪಾಠ ಮಾಡುತ್ತಿದ್ದೆ.
ಅಮ್ಮ ಓಡಿಬಂದು ಕಿಟಕಿ ತೆರೆದಳು, ಬೈಯಲಿಲ್ಲ.
ಆಮೇಲಿನಿಂದ ಹಾಲಿನ ಲೋಟ ನನಗೆ ಕೊಡುವ ಮೊದಲು
ತನ್ನ ಮೂಗಿನ ಬಳಿ ಒಂದು ಗಳಿಗೆ ನಿಲ್ಲಿಸುತ್ತಾಳೆ,
ನಾನು ನೋಡಲಿಲ್ಲ ಅಂತ ಎಣಿಸಿ.

ಫಾರಮಿನಲ್ಲಿ ಕಣ್ಣಿಗೆ ಮೂರು ಕಾಲಂ, ಕಿವಿಗೆ ಎರಡು.
ಮೂಲವ್ಯಾಧಿಗೂ ಜಾಗ ಉಂಟು, ಚಪ್ಪಟೆ ಪಾದಕ್ಕೂ ಉಂಟು.
ಮೂಗಿಗೆ ಇಲ್ಲ.
ಕೇಳದ ಪ್ರಶ್ನೆಗೆ ಉತ್ತರ ಹೇಳದಿದ್ದರೆ ಅದು ಸುಳ್ಳಾ?
ಬಸ್ಸಿನಲ್ಲಿ ಬರುವಾಗ ಅಲ್ಲ ಅನಿಸಿತ್ತು.
"ಮತ್ತೆ ಎಂತದಾದರೂ?" ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು.
"ಸರ್, ನನಗೆ ವಾಸನೆ ಗೊತ್ತಾಗುವುದಿಲ್ಲ."

ಸ್ಪಿರಿಟ್ಟಿನ ಹತ್ತಿ ಹಿಡಿದರು. ತಣ್ಣಗಿತ್ತು, ಅಷ್ಟೆ.
ಫಾರಮನ್ನು ಹಿಂದೆ ಮುಂದೆ ತಿರುಗಿಸಿದರು,
ಬಿದ್ದುಹೋದ ಚಿಲ್ಲರೆ ಹುಡುಕುವ ಹಾಗೆ.
"ಕಾಲಂ ಇಲ್ಲ ಮಾರಾಯ್ತಿ. ಎಲ್ಲಿ ಬರೆಯಲಿ?
ಲ್ಯಾಬಿಗೆ ಕಳಿಸುವುದು ನಿನ್ನ ಕೆಲಸ,
ಮೂಸಬೇಕೆಂದು ಇದರಲ್ಲಿ ಎಲ್ಲೂ ಹೇಳಿಲ್ಲ."
ಸ್ವಲ್ಪ ಹೊತ್ತು ಫ್ಯಾನು ನೋಡಿದರು.
ಆಮೇಲೆ ಠಸ್ಸೆ: ಅರ್ಹ.
ನೇರಳೆ ಶಾಯಿ ಅಂಚಿಗೆ ಹರಡಿತು.

ಮಧ್ಯಾಹ್ನ ದಕ್ಕೆಗೆ ಹೋದೆ. ಅಮ್ಮನ ಬುಟ್ಟಿ ಅರ್ಧ ಖಾಲಿ.
ಕಾಗದ ತೋರಿಸಿದೆ. ಕೈ ಒದ್ದೆಯೆಂದು ಮುಟ್ಟದೆ
ದೂರದಿಂದಲೇ ಕುತ್ತಿಗೆ ಚಾಚಿ ನೋಡಿದಳು.
ಬೇಡವೆಂದು ಬದಿಗೆ ಎಸೆದಿದ್ದ ಬಂಗುಡೆಯೊಂದನ್ನು ಎತ್ತಿ
"ಹೇಳು ಅಧಿಕಾರಿ," ಅಂದಳು.
ಕಿವಿರು ಎತ್ತಿದೆ, ಕೆಂಪು ಹೋಗಿ ಕಂದಿಗೆ ತಿರುಗುತ್ತಿತ್ತು.
ಹೆಬ್ಬೆರಳು ಒತ್ತಿದೆ, ಗುಳಿ ನಿಧಾನ ಮೇಲೆ ಬಂತು.
ಕಣ್ಣಿಗೆ ತುಸು ಮೋಡ.
"ನಿನ್ನೆಯದು."
ಅಮ್ಮ ಮೂಗಿಗೆ ಹಿಡಿದಳು. "ಮೊನ್ನೆಯದು."
ಮತ್ತೆ ಕೈ ಹಾಕಿ
ಇನ್ನೊಂದು ಮೀನು ನನ್ನ ಅಂಗೈಗೆ ಇಟ್ಟಳು.