ಕಣ್ತೂಕ

ಸೊಹಾರ್ ಬಂದರಿನಲ್ಲಿ ಹದಿನೇಳು ವರ್ಷ
ಗಾಜಿನ ಗೂಡಲ್ಲಿ ಕೂತು, ಎರಡು ಕಡ್ಡಿ ಹಿಡಿದು
ಹಡಗಿನ ಹೊಟ್ಟೆಯಿಂದ ಪೆಟ್ಟಿಗೆ ಎತ್ತಿದವನು ನಾನು,
ಕಾಸರಕೋಡಿನ ಜಟ್ಟಿ ಹರಿಕಂತ್ರ.

ಬಲಗಡೆಯ ಮೂತ್ರಪಿಂಡದಲ್ಲಿ ನಿಂಬೆಹಣ್ಣಿನಷ್ಟು ಗಂಟು,
ಮಸ್ಕತ್ತಿನ ಡಾಕ್ಟರ್ ಜುವೈನಾ ಪರದೆಯಲ್ಲಿ ತೋರಿಸಿದಾಗ
ನಾನು ಮೊದಲು ಕೇಳಿದ್ದು ಬದುಕುತ್ತೇನಾ ಅಂತಲ್ಲ.
ರೋಬೋಟು ಮಾಡ್ತದಾ, ನೀವು ಮಾಡ್ತೀರಾ?
ಮುರುಕು ಹಿಂದಿಯಲ್ಲಿ ಅಂದರು:
ನಿನ್ನ ಕ್ರೇನು ತಾನಾಗಿ ಎತ್ತುತ್ತದಾ?

ಹಾಳೆಯ ಮೇಲೆ ಒಂದು ಹೊಟ್ಟೆ ಬರೆದು ಐದು ಚುಕ್ಕೆ ಇಟ್ಟರು.
ಇಲ್ಲಿ ಕಣ್ಣು. ಇಲ್ಲಿ, ಇಲ್ಲಿ, ಇಲ್ಲಿ ಕೈ.
ಇದು ಸಹಾಯಕನದು. ಸೂಜಿ, ದಾರ, ಹೀರುವ ನಳಿಗೆ
ದಾಟಿಸುತ್ತ ಅವನು ನಿನ್ನ ಮಗ್ಗುಲಲ್ಲೇ ನಿಂತಿರುತ್ತಾನೆ.
ನಾನು ಮೂರು ಮಾರು ಆಚೆ, ಮೂಲೆಯಲ್ಲಿ,
ಚಪ್ಪಲಿ ಬಿಚ್ಚಿ ಕೂತು, ಪೆಟ್ಟಿಗೆಯೊಳಗೆ ಮುಖವಿಟ್ಟು.
ನನ್ನ ಬೆರಳು ಮೂರು ಗೆರೆ ಸರಿದರೆ ಒಳಗಿನದು ಒಂದೇ ಗೆರೆ.
ಕೈ ನಡುಗಿದರೆ
ಆ ನಡುಕವನ್ನು ಯಂತ್ರ ಜರಡಿ ಹಿಡಿಯುತ್ತದೆ.

ಕರೆಂಟು ಹೋದರೆ?
ಬ್ಯಾಟರಿ ಇದೆ. ಅದೂ ಕೈಕೊಟ್ಟರೆ ತೋಳು ಕಳಚಿ
ಹಳೇ ರೀತಿ ಕೊಯ್ಯುತ್ತೇವೆ. ಅದಕ್ಕೂ ಇಲ್ಲೇ ಸಹಿ ಹಾಕು.
ಹಾಕಿದೆ.

ಈಗ ಅವರ ಸರದಿ:
ಅಷ್ಟು ಮೇಲಿಂದ ನಿನಗೆ ತೂಕ ಹೇಗೆ ತಿಳೀತದೆ?
ಮೀಟರಿನಲ್ಲಿ ಅಂಕಿ ಬರ್ತದೆ ಮೇಡಂ. ಆದರೆ ನಾನು ನಂಬುವುದು
ಹಗ್ಗ ಬಿಗಿಯುವ ಆ ಒಂದು ಉಸಿರನ್ನು.
ಪೆಟ್ಟಿಗೆ ನೆಲ ಬಿಡುವ ಮುಂಚೆ ಒಂದು ಮೂಲೆ ಏಳ್ತದಲ್ಲ,
ಅದನ್ನು ನೋಡ್ತೇನೆ. ಕೈಗೆ ಏನೂ ತಿಳಿಯುವುದಿಲ್ಲ.

ಪೆನ್ನು ಕೆಳಗಿಟ್ಟರು.
ನನ್ನ ಕೈಗೂ ತಿಳಿಯುವುದಿಲ್ಲ ಜಟ್ಟಿ.
ದಾರ ಎಳೆದಾಗ ಮಾಂಸ ಎಷ್ಟು ಬೆಳ್ಳಗಾಯ್ತು,
ಎಷ್ಟು ತಗ್ಗಿತು, ನೋಡಿಯೇ ಬಿಗಿಯಬೇಕು.

ಆ ಬೆಳಿಗ್ಗೆ, ಮೀನು ಇಡುವಷ್ಟು ತಣ್ಣಗಿನ ಕೋಣೆ.
ಪ್ಲಾಸ್ಟಿಕ್ ಹೊದ್ದು, ಕಾಲು ಮಡಚಿಕೊಂಡು
ನಿಂತಿತ್ತು ದೊಡ್ಡ ಏಡಿ.
ಹತ್ತರಿಂದ ಹಿಂದಕ್ಕೆ ಎಣಿಸಿ, ಅಂದಳು ನರ್ಸ್ ಮಾರಿಸೆಲ್.
ಎಂಟರವರೆಗೆ ನೆನಪು.

ಮುಂದಿನದು ಬರೀ ಕೇಳಿ ತಿಳಿದದ್ದು.
ಎಡಮಗ್ಗುಲಿಗೆ ಒರಗಿಸಿ, ಡೆಕ್ಕಿನ ಸರಕಿನ ಹಾಗೆ ಪಟ್ಟಿ ಬಿಗಿದು
ಹೊಟ್ಟೆಗೆ ಗಾಳಿ ತುಂಬಿದರಂತೆ, ಒಳಗೆ ಆಡಲು ಜಾಗ ಬೇಕಲ್ಲ.
ರಕ್ತನಾಳಕ್ಕೆ ಚಿಮಟ ಹಾಕಿದ್ದು ಹತ್ತೊಂಬತ್ತು ನಿಮಿಷ,
ಒಬ್ಬರು ಗಡಿಯಾರ ನೋಡುತ್ತ ಕೂಗಿ ಎಣಿಸುತ್ತಿದ್ದರಂತೆ.
ಗಂಟು ಕತ್ತರಿಸಿ, ಹೊಲಿದು, ಚಿಮಟ ಸಡಿಲಿಸಿದಾಗ
ಮಂಕಾಗಿದ್ದ ಪಿಂಡ ಮತ್ತೆ ಕೆಂಪಾಯಿತಂತೆ.
ಒಂದು ತೂತು ಅಗಲಿಸಿ ಗಂಟನ್ನು ಚೀಲದಲ್ಲಿ ಹೊರತಂದರು.

ಎಚ್ಚರವಾದಾಗ ಹೊಟ್ಟೆಗಿಂತ ಹೆಗಲು ನೋಯುತ್ತಿತ್ತು.
ಹೆಗಲಿಗೇನು ಮಾಡಿದಿರಿ?
ಉಳಿದ ಗಾಳಿ, ಎರಡು ದಿನಕ್ಕೆ ಇಳೀತದೆ. ನಡೆಯಿರಿ.
ಮೂತ್ರದ ಚೀಲ ಕೈಯಲ್ಲಿ ಹಿಡಿದು
ಕಿಟಕಿಯಿಂದ ಕಿಟಕಿಗೆ ನಡೆದೆ.
ಮಾರನೆಯ ದಿನ ಹೂಸು ಹೋದಾಗ
ನನಗಿಂತ ಮಾರಿಸೆಲ್‌ಗೇ ಸಂತೋಷ.

ಎಷ್ಟುದ್ದ ಕೊಯ್ದರು? ಫೋನಿನಲ್ಲಿ ಮಾದೇವಿ.
ಐದು ತೂತು.
ಅಷ್ಟೇಯಾ? ಅಷ್ಟು ದುಡ್ಡಿಗೆ? ಸರಿಯಾಗಿ ಕೇಳಿ ನೋಡಿ.

ನಾಲ್ಕನೆಯ ದಿನ ಬಿಟ್ಟರು. ಆರು ವಾರ ಭಾರ ಎತ್ತಬೇಡ.
ನಲವತ್ತು ಟನ್ನು ಎರಡು ಬೆರಳಲ್ಲಿ ಎತ್ತುವವನಿಗಾ?
ಆ ಗೂಡಿಗೆ ಮೆಟ್ಟಿಲೆಷ್ಟು?
ಲಿಫ್ಟ್ ಕೆಟ್ಟರೆ ನೂರಾ ತೊಂಬತ್ತು.
ಬಾಯಿ ಮುಚ್ಚಿದೆ.

ಹೊರಗೆ ಪಡಸಾಲೆಯಲ್ಲಿ ಯಾರದೋ ಮನೆಯವರು
ಹೂಜಿಯಿಂದ ಏಲಕ್ಕಿ ಕಾಫಿ ಹನಿಸುತ್ತಿದ್ದರು.
ಜುವೈನಾ ನಿಂತೇ ಕುಡಿದರು, ಎರಡು ಬಟ್ಟಲು.
ಹುಡುಗ ಮತ್ತೆ ಹೂಜಿ ಬಗ್ಗಿಸಿದಾಗ
ಅವರ ಬೆರಳಲ್ಲಿ ಬಟ್ಟಲು ಸಣ್ಣಗೆ ಅಲುಗಿತು.
ಈ ನಾಡಲ್ಲಿ ಬಟ್ಟಲು ಅಲುಗಿಸಿದರೆ ಸಾಕು ಅಂತ ಅರ್ಥ.
ಹದಿನೇಳು ವರ್ಷದಲ್ಲಿ ಅಷ್ಟು ನಾನೂ ಕಲಿತಿದ್ದೇನೆ.
ಆದರೂ ಗಾಲಿಕುರ್ಚಿಯಲ್ಲಿ ಕೂತು, ಮೂರು ಮಾರು ಈಚೆಯಿಂದ,
ಸನ್ನೆಯೋ ನಡುಕವೋ ಎಂದು
ನೋಡಿಯೇ ನೋಡಿದೆ.